ದಾಸವಾಳ, ಲಿಂಬೆ, ಗೋಲಿ ಸೋಡಾ

"ಕುಡಿಯೂದು ಬಿಟ್ಟಮ್ಯಾಲ ಕೈ ಎಲ್ಲಿ ಇಡಬೇಕು ಅನ್ನೂದ ತಿಳಿಯಂಗಿಲ್ಲ ನೋಡಪಾ" ಅಂತ ನಮ್ಮ ಮಾಮಾ ಒಮ್ಮೆ ಹೇಳಿದ್ದರು. ಮಾಮಾ ಅಂದರೆ ಅಕ್ಕನ ಗಂಡ. ಹಾವೇರಿ ಕಡೆ ನಾವು ಹಾಗೇ ಕರೆಯುವುದು. ಅವರನ್ನು ಕೇಳಿ, ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟೇ ಇದನ್ನು ಬರೆಯುತ್ತಿದ್ದೇನೆ.

ಮಾಮಾ ಹದಿನೆಂಟು ವರ್ಷ ಕುಡಿದವರು. ಶುರುವಾಗಿದ್ದು ಸಾರಾಯಿ ಪ್ಯಾಕೆಟಿನಿಂದ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಮಾಮಾನ ಕುಡಿತ ಬಂದಾಗಲಿಲ್ಲ. ಪ್ಯಾಕೆಟಿನ ಜಾಗಕ್ಕೆ ನೈಂಟಿ ಬಂತು, ಅಷ್ಟೇ. ಕೊನೆಗೆ ಆಸ್ಪತ್ರೆಗೆ ಸೇರಿಸಿ, ಡಾಕ್ಟರ ಕೈಯಲ್ಲಿ ಬಿಡಿಸಿದೆವು. ಈಗ ಮೂರನೇ ವರ್ಷ ನಡೆದಿದೆ.

ಮನೆಯಲ್ಲಿ, ಹೊಲದಲ್ಲಿ ಅವರಿಗೆ ಏನೂ ತ್ರಾಸಿಲ್ಲ. ತ್ರಾಸು ಬರುವುದು ಕಾರ್ಯಗಳಲ್ಲಿ. ಜಾವಳ, ಗೃಹಪ್ರವೇಶ, ದ್ಯಾಮವ್ವನ ಜಾತ್ರೆಯ ಮರುದಿನ. ಊಟ ಮುಗಿದ ಮೇಲೆ ಗಂಡಸರು ಮಾಳಿಗೆ ಮೇಲೋ, ಟ್ರ್ಯಾಕ್ಟರ್ ಹಿಂದೋ ಸೇರುತ್ತಾರಲ್ಲ, ಅಲ್ಲಿ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಗ್ಲಾಸು. ಮಾಮಾನ ಕೈಗೆ ಒಂದು ನೀರಿನ ಪೌಚು, ಇಲ್ಲವೇ ಹುಡುಗರಿಗೆ ತಂದ ಕಿತ್ತಳೆ ಬಣ್ಣದ ಜ್ಯೂಸ್ ಬಾಟಲಿ. ಯಾರೋ ಒಬ್ಬರು "ಒಂದ ನೈಂಟಿಗೆ ಏನ್ ಆಗತೈತಿ ಬಿಡ್ರಿ" ಅನ್ನುತ್ತಾರೆ. ಇನ್ನೊಬ್ಬರು ನಗುತ್ತಾರೆ. ಎರಡು ವರ್ಷ ಮಾಮಾ ಏನು ಮಾಡಿದರೆಂದರೆ, ಸರಿಯಾಗಿ ಪಂಕ್ತಿಯ ಹೊತ್ತಿಗೆ ಹೋಗಿ, ಉಂಡು, ಕೈ ತೊಳೆದು, ಚಪ್ಪಲಿ ಮೆಟ್ಟಿ ಮನೆಗೆ ಬಂದುಬಿಡುತ್ತಿದ್ದರು.

ಬಂದರೆ ಬರಲಿ ಬಿಡಿ ಅನ್ನಬಹುದು. ಆದರೆ ಊರಿನ ಅರ್ಧ ವ್ಯವಹಾರ ಮಾತಾಗುವುದು ಆ ಮಾಳಿಗೆ ಮೇಲೆಯೇ. ಯಾರ ಟ್ರ್ಯಾಕ್ಟರ್ ಯಾವಾಗ ಖಾಲಿ, ಯಾರ ಬೋರಿನಲ್ಲಿ ನೀರು ಉಳಿದಿದೆ, ಯಾರ ಮನೆಯಲ್ಲಿ ಹುಡುಗಿಗೆ ವರ ನೋಡುತ್ತಿದ್ದಾರೆ. ಅಲ್ಲಿ ಇಲ್ಲದವನನ್ನು ಮಂದಿ ಬೈಯುವುದಿಲ್ಲ, ಮರೆತುಬಿಡುತ್ತಾರೆ. ಕುಡಿಯುತ್ತಿದ್ದಾಗ ಮಾಮಾನಿಗೆ ಇದ್ದ ಬಳಗ ಬಿಟ್ಟಮೇಲೆ ಕಡಿಮೆಯಾಯಿತು. ಕುಡಿತ ಬಿಡಿ ಎಂದು ಭಾಷಣ ಮಾಡುವವರು ಈ ಲೆಕ್ಕ ಹೇಳಿದ್ದನ್ನು ನಾನು ಒಂದು ಕಾರ್ಯಕ್ರಮದಲ್ಲೂ ಕೇಳಿಲ್ಲ. ಜಿಲ್ಲಾ ವರದಿಗಾರನಾಗಿ ಅಂಥ ಕಾರ್ಯಕ್ರಮಗಳಲ್ಲಿ ಕುಳಿತದ್ದು ಕಡಿಮೆಯೇನಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಹಿರಿಮಗಳ ನಿಶ್ಚಿತಾರ್ಥ ಅವರ ಮನೆಯಲ್ಲೇ ಆಯಿತು. ಮನೆಯ ಅಂಗಳದಲ್ಲಿ ಬಾಟಲಿ ಬರಬಾರದು ಅಂತ ಅಕ್ಕ ಮೊದಲೇ ಗೆರೆ ಎಳೆದಿದ್ದಳು. ಆದರೆ ಬೀಗರು ಬಂದಾಗ ಗಂಡಸರ ಕೈಗೆ ಏನಾದರೂ ಕೊಡಬೇಕಲ್ಲ. "ನೀ ಪೇಪರಿನಾಂವ, ನಾಕ್ ಊರು ಅಡ್ಡಾಡ್ತಿ. ಚಹಾ ಬ್ಯಾಡ, ಮಜ್ಜಿಗಿ ಬ್ಯಾಡ. ನೋಡಿದ್ರ ದೊಡ್ಡವರು ಕುಡಿಯೂದು ಅನ್ನಿಸಬೇಕು, ಅಂಥಾದ್ದು ಏನರ ಹೇಳು" ಅಂದಳು.

ಹಾಗಾಗಿ ನಾನು ಕಾಕ್‌ಟೇಲ್ ಬಗ್ಗೆ ಓದಲು ಕೂತೆ. ಇಟಲಿಯ ಉತ್ತರಕ್ಕೆ ಬೆಟ್ಟಗಳ ನಡುವೆ ಸೌತ್ ಟೈರೋಲ್ ಎಂಬ ಸೀಮೆ ಇದೆ. ಅಲ್ಲಿ ಬಾರ್ ನಡೆಸುತ್ತಿದ್ದ ರೋಲಂಡ್ ಗ್ರೂಬರ್ ಎಂಬಾತ 2005ರಲ್ಲಿ ಹ್ಯೂಗೊ ಎಂಬ ಪಾನೀಯ ಮಾಡಿದ. ಈಗ ಅದು ಯುರೋಪಿನಲ್ಲೆಲ್ಲ ಸಿಗುತ್ತದೆ. ಅದರಲ್ಲಿ ಇರುವುದು ಇಷ್ಟೇ: ಎಲ್ಡರ್ ಎಂಬ ಗಿಡದ ಬಿಳಿ ಹೂವಿನ ಪಾಕ, ನೊರೆ ಬರುವ ವೈನು, ಸೋಡಾ, ಪುದೀನ ಎಲೆ, ಮಂಜುಗಡ್ಡೆ. ಎಲ್ಡರ್ ಗಿಡ ನಮ್ಮಲ್ಲಿ ಬೆಳೆಯುವುದಿಲ್ಲ, ವೈನು ನಮಗೆ ಬೇಕಿಲ್ಲ. ಅವೆರಡನ್ನು ತೆಗೆದರೂ ಉಳಿಯುವ ಲೆಕ್ಕ ಚೆನ್ನಾಗಿದೆ. ಒಂದು ಹೂವು, ಒಂದು ಸಿಹಿ, ಒಂದು ಹುಳಿ, ಗುಳ್ಳೆ, ತಂಪು. ಹೆಂಡವಿಲ್ಲದ ಕಾಕ್‌ಟೇಲಿಗೆ ಮಾಕ್‌ಟೇಲ್ ಅನ್ನುತ್ತಾರೆ. ಇಂಗ್ಲಿಷಿನ ಆ ಮಾಕ್ ಅಂದರೆ ಅಣಕ. ನನಗೆ ಆ ಹೆಸರು ಹಿಡಿಸುವುದಿಲ್ಲ. ಬಿಟ್ಟವನ ಕೈಗೆ ಕೊಡುವ ಗ್ಲಾಸಿನ ಹೆಸರಲ್ಲೇ ಅಣಕ ಯಾಕೆ?

ಹೂವು ಹುಡುಕಲು ದೂರ ಹೋಗಬೇಕಿರಲಿಲ್ಲ. ಅಕ್ಕನ ಬಚ್ಚಲಿನ ಹಿಂದೆ ದಾಸವಾಳದ ಬೇಲಿಯೇ ಇದೆ.

ದಾಸವಾಳದಲ್ಲಿ ಬೇಕಾದದ್ದು ಐದು ಎಸಳಿನ, ಕಡುಕೆಂಪು, ಹಳೇ ಜಾತಿಯ ಹೂವು. ಮುದ್ದೆಮುದ್ದೆಯಾಗಿರುವ ಗುಚ್ಛ ದಾಸವಾಳ ಬೇಡ, ಎಸಳಿನ ನಡುವೆ ಇರುವೆ ಅಡಗಿರುತ್ತವೆ. ದಾಸವಾಳಕ್ಕೆ ವಾಸನೆ ಇಲ್ಲ, ಅದು ಕೊಡುವುದು ಬಣ್ಣ ಮತ್ತು ನಾಲಿಗೆಗೆ ಒಂದು ಸಣ್ಣ ಒಗರು. ಆ ಒಗರೇ ಮುಖ್ಯ. ಬರೀ ಸಿಹಿಯಾದರೆ ಮಕ್ಕಳ ಜ್ಯೂಸು ಆಗುತ್ತದೆ. ಒಗರು, ಹುಳಿ ಇದ್ದರೆ ಮನುಷ್ಯ ಒಂದೇ ಗುಟುಕಿಗೆ ಕುಡಿದು ಮುಗಿಸುವುದಿಲ್ಲ, ಕೈಯಲ್ಲಿ ಹಿಡಿದು ಮಾತಾಡುತ್ತಾ ಕೂರುತ್ತಾನೆ.

ಮಾಡುವುದು ಹೀಗೆ. ಬೆಳಿಗ್ಗೆ ಅರಳಿದ 15 ಹೂವು ಕಿತ್ತುಕೊಳ್ಳಿ. ದಾಸವಾಳ ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ. ಹಸಿರು ತೊಟ್ಟು, ನಡುವಿನ ಕೇಸರದ ಕಡ್ಡಿ ತೆಗೆದು ಎಸಳನ್ನಷ್ಟೇ ಎರಡು ನೀರಿನಲ್ಲಿ ತೊಳೆಯಿರಿ. ಸ್ಟೀಲ್ ಪಾತ್ರೆಯಲ್ಲಿ ಎರಡು ದೊಡ್ಡ ಗ್ಲಾಸು, ಅಂದರೆ 400 ಮಿಲಿ ನೀರು ಕುದಿಸಿ. ಅಲ್ಯೂಮಿನಿಯಂ, ಕಬ್ಬಿಣ ಬೇಡ, ಮುಂದೆ ಲಿಂಬೆಹುಳಿ ಬೀಳುತ್ತದೆ. ಒಲೆ ಆರಿಸಿದ ಮೇಲೆ ಎಸಳು ಹಾಕಿ ಮುಚ್ಚಿ. ಹತ್ತು ನಿಮಿಷ ಸಾಕು. ಎಸಳನ್ನು ನೀರಿನ ಜೊತೆ ಕುದಿಸಬೇಡಿ, ಸೋಸುವಾಗ ಹಿಂಡಲೂ ಬೇಡಿ. ತಲೆಗೆ ಹಚ್ಚಲು ದಾಸವಾಳ ಅರೆದವರಿಗೆ ಅದರ ಲೋಳೆ ಗೊತ್ತಿರುತ್ತದೆ. ಆ ಲೋಳೆ ಗ್ಲಾಸಿಗೆ ಬರಬಾರದು.

ಸೋಸಿದ ನೀರಿಗೆ 300 ಗ್ರಾಂ ಸಕ್ಕರೆ ಹಾಕಿ, ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿ. ಎಳೆ ಪಾಕ ಮಾಡುವುದೇನೂ ಬೇಡ. ಈಗ ಅದರ ಬಣ್ಣ ನೋಡಿದರೆ ಬೇಸರವಾಗುತ್ತದೆ, ನೇರಳೆಯೂ ಅಲ್ಲದ ಕಪ್ಪೂ ಅಲ್ಲದ ಒಂದು ಮಂಕು ಬಣ್ಣ. ನಮ್ಮ ಕಡೆಯ ಗಡಸು ಬೋರ್ ನೀರಾದರೆ ನೀಲಿಗೇ ತಿರುಗಬಹುದು. ಗಾಬರಿ ಬೇಡ. ಪೂರ್ತಿ ಆರಿದ ಮೇಲೆ ನಾಲ್ಕು ಲಿಂಬೆಹಣ್ಣಿನ ರಸ ಹಿಂಡಿ. ಕಣ್ಣೆದುರಿಗೇ ಕುಂಕುಮದ ಕೆಂಪು ಬರುತ್ತದೆ. ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಪಾಠದಲ್ಲಿ ದಾಸವಾಳ ಒಂದು ಸೂಚಕ ಎಂದು ಓದಿರುತ್ತೀರಿ. ಅದೇ ಇದು. ಹೂವಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಹುಳಿಗೆ ಕೆಂಪಾಗುತ್ತದೆ, ಅಡುಗೆ ಸೋಡಾಕ್ಕೆ ಹಸಿರಾಗುತ್ತದೆ. ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪದಲ್ಲೂ ಇದೇ ಆಟ, ಲಿಂಬೆ ಬಿದ್ದರೆ ನೇರಳೆಯಾಗುತ್ತದೆ. ಥಾಯ್ಲೆಂಡಿನಲ್ಲಿ ಅದರ ಶರಬತ್ತು ಮನೆಮನೆಯ ಮಾತು.

ಇಷ್ಟಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಪಾಕ ಬರುತ್ತದೆ, 20 ಗ್ಲಾಸಿಗೆ ಸಾಕು. ಒಂದು ಗ್ಲಾಸಿನಲ್ಲಿ ಸುಮಾರು ಮೂರು ಚಮಚ ಸಕ್ಕರೆ ಸೇರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಡ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ದಾಸವಾಳ ಕುಡಿಯುವುದು ಬೇಡ. ಪಾಕ ಫ್ರಿಜ್ಜಿನಲ್ಲಿ ವಾರ ಇರುತ್ತದೆ. ಫ್ರಿಜ್ಜು ಇಲ್ಲದವರು ಅಂದೇ ಮುಗಿಸಿ.

ಇನ್ನು ಗುಳ್ಳೆ. ಸೋಡಾದ ಹುಟ್ಟಿನ ಕತೆ ಕೇಳಿ ಮಾಮಾ ಬಹಳ ನಕ್ಕರು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇದ್ದ. ಅವನ ಮನೆಯ ಪಕ್ಕ ಬಿಯರ್ ಮಾಡುವ ಕಾರ್ಖಾನೆ. ಬಿಯರ್ ಹುದುಗುವ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯನ್ನು ಅವನು ನೀರಿಗೆ ಹಿಡಿದ, ಸೋಡಾ ಆಯಿತು. "ಅಂದ್ರ ಅದೂ ಸೆರಿ ಮನಿಯಿಂದ ಎದ್ದು ಬಂದದ್ದ!" ಅಂದರು ಮಾಮಾ. ಗೋಲಿ ಸೋಡಾದ ಬಾಟಲಿಯೂ ಅಲ್ಲಿಯದೇ. ಹೈರಂ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಮಾಡಿಸಿದ್ದು. ಒಳಗಿನ ಗಾಳಿಯ ಒತ್ತಡವೇ ಗೋಲಿಯನ್ನು ಮೇಲಕ್ಕೆ ಒತ್ತಿ ಕತ್ತಿನ ರಬ್ಬರಿಗೆ ಕೂರಿಸುತ್ತದೆ. ಬಿರಡೆ ಬೇಕಿಲ್ಲ.

ನೀವು ಗೋಲಿ ಸೋಡಾ ತಂದರೂ ಸರಿ, ಪ್ಲಾಸ್ಟಿಕ್ ಬಾಟಲಿಯದು ತಂದರೂ ಸರಿ. ಉಪ್ಪು, ಮಸಾಲೆ ಇಲ್ಲದ ಸಾದಾ ಸೋಡಾ ಕೇಳಿ. ತಂಪಿರುವುದು ಮುಖ್ಯ. ಮಂಜಿನಷ್ಟು ತಣ್ಣಗಿನ ನೀರು ಹಿಡಿದಿಡುವ ಗಾಳಿ 20 ಡಿಗ್ರಿಯ ನೀರು ಹಿಡಿಯುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಬಿಸಿಲಲ್ಲಿಟ್ಟ ಸೋಡಾ ತೆರೆದ ಕೂಡಲೇ ಬುಸ್ ಎಂದು ಎಲ್ಲ ಹೊರಗೆ ಹೋಗಿ, ಗ್ಲಾಸಿನಲ್ಲಿ ಸಪ್ಪೆ ನೀರು ಉಳಿಯುತ್ತದೆ. ಮೊದಲು ಪಾಕ ಎರಡು ದೊಡ್ಡ ಚಮಚ, ಆಮೇಲೆ ಮಂಜುಗಡ್ಡೆ, ಕೊನೆಗೆ ಸೋಡಾ. ಗ್ಲಾಸು ಓರೆ ಹಿಡಿದು ಗೋಡೆಗುಂಟ ಇಳಿಸಿ. ಚಮಚದಿಂದ ಒಂದೇ ಸಲ ಕೆಳಗಿನಿಂದ ಮೇಲಕ್ಕೆ ಎತ್ತಿ ಬಿಡಿ, ಗಿರಗಿರ ತಿರುವಬೇಡಿ. ಸಕ್ಕರೆಯನ್ನು ಪಾಕ ಮಾಡಿಕೊಳ್ಳುವುದೂ ಇದಕ್ಕೇ. ಸಕ್ಕರೆ ಹರಳು ನೇರ ಸೋಡಾಕ್ಕೆ ಬಿದ್ದರೆ ಒಂದೊಂದು ಹರಳಿನ ಸುತ್ತಲೂ ಗುಳ್ಳೆ ಎದ್ದು ಗಾಳಿ ಹೊರಟೇ ಹೋಗುತ್ತದೆ. ಮೇಲೆ ಎರಡು ಪುದೀನ ಎಲೆಯನ್ನು ಅಂಗೈಯಲ್ಲಿ ಒಮ್ಮೆ ತಟ್ಟಿ ಹಾಕಿ, ವಾಸನೆ ಏಳುತ್ತದೆ.

ಬಾಟಲಿಯಲ್ಲಿ ಹೂವು, ಬೆಲ್ಲದ ನೀರು ಹಾಕಿ ಬಿಗಿ ಮುಚ್ಚಿ ನಾಲ್ಕು ದಿನ ಇಟ್ಟರೆ ತಾನೇ ಗುಳ್ಳೆ ಬರುತ್ತದೆ ಎಂದು ಮೊಬೈಲಿನಲ್ಲಿ ತೋರಿಸುವವರಿದ್ದಾರೆ. ಬರುತ್ತದೆ, ನಿಜ. ಆದರೆ ಗುಳ್ಳೆ ಕೊಡುವ ಅದೇ ಹುದುಗು ಮದ್ಯಸಾರವನ್ನೂ ಕೊಡುತ್ತದೆ. ಗಾಜಿನ ಬಾಟಲಿ ಸಿಡಿಯಲೂಬಹುದು. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವುದು ಅಪರಾಧ, ಅದು ಬೇರೆ ಮಾತು. ಕುಡಿತ ಬಿಡಿಸಲು ಡೈಸಲ್ಫಿರಾಮ್ ಗುಳಿಗೆ ತೆಗೆದುಕೊಳ್ಳುತ್ತಿರುವವರ ಹೊಟ್ಟೆಗೆ ಅಷ್ಟು ಮದ್ಯಸಾರ ಹೋದರೂ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಗುಟ್ಟಬಹುದು. ಅಂಥವರ ಮನೆಯಲ್ಲಿ ಹುದುಗಿಸಿದ್ದು ಬೇಡವೇ ಬೇಡ.

ಹೂವಿನ ವಿಷಯದಲ್ಲೂ ಎಚ್ಚರ ಇರಲಿ. ದಾಸವಾಳ ತಿನ್ನಬಹುದು ಅಂದಮಾತ್ರಕ್ಕೆ ಹಿತ್ತಲಿನ ಎಲ್ಲ ಹೂವು ತಿನ್ನುವಂಥದ್ದಲ್ಲ. ಕಣಗಿಲೆ, ದತ್ತೂರಿ, ಅಗ್ನಿಶಿಖೆ ಜೀವ ತೆಗೆಯುವ ವಿಷ. ಸಂತೆಯ ಗುಲಾಬಿ, ಪೂಜೆಗೆ ತಂದ ಮಾಲೆಯ ಹೂವು ಔಷಧ ಹೊಡೆದವು, ಅವನ್ನು ದೇವರಿಗೆ ಬಿಡಿ. ಹತ್ತಿ, ಮೆಣಸಿನಕಾಯಿ ಹೊಲದ ಬದುವಿನ ದಾಸವಾಳವೂ ಬೇಡ, ಸ್ಪ್ರೇ ಗಾಳಿಗೆ ಅಲ್ಲಿಗೂ ಬರುತ್ತದೆ.

ನಿಶ್ಚಿತಾರ್ಥಕ್ಕೆ 60 ಗ್ಲಾಸು ಬೇಕಿತ್ತು, ಅಂದರೆ 45 ಹೂವು. ಅಕ್ಕನ ಬೇಲಿಯಲ್ಲಿ ಅಂದು ಅರಳಿದ್ದು ಇಪ್ಪತ್ತೆರಡು. ಉಳಿದದ್ದಕ್ಕೆ ಓಣಿಯ ಹುಡುಗರನ್ನು ಅಟ್ಟಿದೆವು. ಎದುರುಮನೆಯ ಆಯಿ "ಗಣಪ್ಪಗ ಒಂದ್ ಹೂವ ಉಳಿಸಿಲ್ಲಲ್ರೋ" ಅಂತ ಬೈದಳು. ಅವಳಿಗೆ ಮೊದಲ ಗ್ಲಾಸು ಕೊಟ್ಟೆವು. ಕುಡಿದು, ಇದಕ್ಕೆ ಏಲಕ್ಕಿ ಬೇಕಿತ್ತು ಅಂದಳು.

ಎಲ್ಲರಿಗೂ ಹಿಡಿಸಿತು ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಹುಡುಗನ ಕಡೆಯ ಇಬ್ಬರು ಬೈಕು ಹತ್ತಿ ಹೋಗಿ ಅರ್ಧ ಗಂಟೆ ಬಿಟ್ಟು ಬಂದರು, ಎಲ್ಲಿಗೆ ಹೋಗಿದ್ದರೆಂದು ಯಾರೂ ಕೇಳಲಿಲ್ಲ. ಆದರೆ ಮಾಮಾ ಮಾಳಿಗೆ ಮೇಲೆ ಸೋಡಾ ಕ್ರೇಟಿನ ಪಕ್ಕ ನಿಂತು ಗೋಲಿ ಒತ್ತುತ್ತಾ ಒಬ್ಬೊಬ್ಬರಿಗೇ ಗ್ಲಾಸು ಕಟ್ಟಿಕೊಡುತ್ತಿದ್ದರು. ಹುಡುಗನ ಸೋದರಮಾವ ಗ್ಲಾಸನ್ನು ಬೆಳಕಿಗೆ ಹಿಡಿದು "ಯಾವ್ ಬ್ರ್ಯಾಂಡ್ರಿ ಇದು?" ಅಂದರು. "ಬಚ್ಚಲ ಹಿಂದಿಂದ್ರಿ" ಅಂದರು ಮಾಮಾ. ಆಮೇಲೆ ಮಾತು ಲಿಂಬೆ ರೇಟಿಗೆ, ಅಲ್ಲಿಂದ ಬೆಳೆವಿಮೆಗೆ ಹೋಯಿತು. ಕೆಳಗಿನಿಂದ ಅಕ್ಕ ಎರಡು ಸಲ ಕೂಗಿದರೂ ಅವರಿಗೆ ಕೇಳಿಸಲಿಲ್ಲ.

ಒಂದು ಮಾತು ಹೇಳಲೇಬೇಕು. ಇದು ಕುಡಿತ ಬಿಡಿಸುವ ಔಷಧವಲ್ಲ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ಡಾಕ್ಟರು. ಕೇಳಲು ಸಂಕೋಚವಾದರೆ 14416ಕ್ಕೆ ಟೆಲಿ ಮನಸ್, ಇಲ್ಲವೇ 14446ಕ್ಕೆ ವ್ಯಸನಮುಕ್ತಿ ಸಹಾಯವಾಣಿ, ಎರಡಕ್ಕೂ ದುಡ್ಡಿಲ್ಲ. ದಾಸವಾಳದ ಗ್ಲಾಸು ಅದೆಲ್ಲ ಆದಮೇಲಿನ ಮಾತು.

ಮುಂಗಾರಿಗೆ ಸ್ವಲ್ಪ ಮೊದಲು ರಾಣೆಬೆನ್ನೂರಿನ ಕಡೆ ಸಂಬಂಧಿಕರ ಮನೆಯಲ್ಲಿ ಜಾವಳ ಇತ್ತು. ಮಾಮಾ ಎರಡು ಬಾಟಲಿ ಪಾಕ ಥರ್ಮೋಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿ ಬಸ್ಸಿನಲ್ಲಿ ಒಯ್ದರು. ಅಲ್ಲಿ ಬಾಟಲಿಯೂ ಇತ್ತು, ಮಾಮಾನ ಡಬ್ಬಿಯೂ ಇತ್ತು. ಕೊನೇ ಬಸ್ಸು ತಪ್ಪಿ, ಯಾರದೋ ಗಾಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮನೆ ಮುಟ್ಟಿದರು. ಬಿತ್ತನೆಗೆ ಟ್ರ್ಯಾಕ್ಟರ್ ಮಾತಾಡಿಕೊಂಡೇ ಬಂದಿದ್ದರು, ಎಕರೆಗೆ ನೂರು ರೂಪಾಯಿ ಕಡಿಮೆಗೆ.