ಶೋಕೇಸಿನೊಳಗಿನ ಕಡಲು

ಕುಂದಾಪುರದ ಕಡೆ ಹೊಸ ಮನೆ ಒಕ್ಕಲಾದ ಮೇಲೆ ಬಂದವರಿಗೆ ತೋರಿಸಲು ಮೂರು ಸಂಗತಿ ಇರುತ್ತವೆ: ದೇವರ ಕೋಣೆ, ಬಾವಿಯ ನೀರು ಮತ್ತು ಶೋಕೇಸ್. ಮೊದಲಿನ ಎರಡಕ್ಕೆ ಹೆಚ್ಚು ಹೊತ್ತು ಬೇಡ. ಶೋಕೇಸಿನ ಮುಂದೆ ಮಾತ್ರ ಕೈಕಟ್ಟಿ ನಿಲ್ಲಬೇಕಾಗುತ್ತದೆ. ದುಬೈಯಿಂದ ಬಂದ ಸೆಂಟಿನ ಖಾಲಿ ಬಾಟಲಿ, ಮುಂಬಯಿಯಲ್ಲಿ ಹೋಟೆಲಿಟ್ಟ ನೆಂಟರು ಕೊಟ್ಟ ಗಡಿಯಾರ, ಅಂಗೈಯಗಲದ ಯಕ್ಷಗಾನದ ಕೇದಗೆ ಮುಂದಲೆ, ಇವೆಲ್ಲದರ ನಡುವೆ ಒಂದು ಚಿಪ್ಪಿನ ನವಿಲು. ಮೈಗೆ ಕವಡೆ, ಗರಿಗೆ ಬಿಳಿ ಕಪ್ಪೆಚಿಪ್ಪು, ಕಣ್ಣಿಗೆ ಕೆಂಪು ಮಣಿ. ಪಕ್ಕದಲ್ಲಿ ಚಿಪ್ಪಿನ ಚೌಕಟ್ಟಿನ ಕನ್ನಡಿ. ಅದರಾಚೆ, ಹೊಟ್ಟೆಯ ಮೇಲೆ ಬಣ್ಣದಲ್ಲಿ 'ಕನ್ಯಾಕುಮಾರಿ' ಎಂದು ಬರೆಸಿಕೊಂಡ ಶಂಖ.

ಮನೆಯ ಹಿತ್ತಿಲು ದಾಟಿದರೆ ಕಡಲು. ಚಿಪ್ಪು ಮಾತ್ರ ದೇಶದ ತುದಿಯಿಂದ, ಪ್ರವಾಸದ ಬಸ್ಸಿನ ಸೀಟಿನಡಿಯಲ್ಲಿ, ಯಾರದೋ ಲುಂಗಿ ಸುತ್ತಿಕೊಂಡು ಬಂದದ್ದು. ಹಿತ್ತಲ ಗಿಡವೇ ಮದ್ದಾಗದ ಊರಿನಲ್ಲಿ ಹಿತ್ತಲ ಕಡಲಿನ ಚಿಪ್ಪು ಅಲಂಕಾರವಾಗುವುದುಂಟೇ?

ಈಚೆಗೆ ಬೆಂಗಳೂರಿನಲ್ಲಿರುವ ನಮ್ಮ ಹುಡುಗನೊಬ್ಬ ಇಂಥದ್ದೇ ಒಂದು ಹಳೆಯ ಚಿಪ್ಪಿನ ಟೇಬಲ್ ಲ್ಯಾಂಪಿನ ಫೋಟೋ ಕಳಿಸಿದ. ಆಂಟಿಕ್ ಅಂಗಡಿಯಲ್ಲಿ ಕಂಡದ್ದಂತೆ. ಅದರ ಬೆಲೆಗೆ ನಮ್ಮ ಕಡೆ ಒಂದು ಕರು ಹಾಕಿದ ಹಸು ಬರುತ್ತದೆ. ಫೋಟೋವನ್ನು ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಇಷ್ಟ್ ಚಿಪ್ಪಂಗೆ ಒಂದ್ ಕವ್ಳಕ್ಕೂ ಸುಣ್ಣ ಆತಿಲ್ಲೆ ಮಗಾ" ಎಂದರು.

ಚಿಪ್ಪಿನ ವಿಷಯದಲ್ಲಿ ನಮ್ಮ ಕರಾವಳಿಯ ನಿಲುವು ಇಷ್ಟೇ. ಒಳಗಿರುವುದನ್ನು ತಿನ್ನಬೇಕು, ಹೊರಗಿರುವುದನ್ನು ಸುಡಬೇಕು. ಹೊಳೆಯ ಇಳಿತದಲ್ಲಿ ಸೊಂಟದ ನೀರಿಗಿಳಿದು ಕಾಲಿನಿಂದ ಕೆಸರು ತಡವಿ ಹೆಕ್ಕಿದ ಮರುವಾಯಿಯನ್ನು ಕಾಯಿತುರಿ ಹಾಕಿ ಸುಕ್ಕ ಮಾಡಿದ ಮೇಲೆ ಅಂಗಳದ ಮೂಲೆಯಲ್ಲಿ ಚಿಪ್ಪಿನ ರಾಶಿ ಬೀಳುತ್ತಿತ್ತು. ಅದನ್ನು ಯಾರೂ ಎತ್ತಿ ನೋಡಿ 'ಆಹಾ' ಎಂದದ್ದಿಲ್ಲ. ಬರಿಗಾಲಿನಲ್ಲಿ ಮೆಟ್ಟಿದವರು ಬೇರೆ ಏನೋ ಅಂದದ್ದುಂಟು.

ಸುಣ್ಣದ ಕತೆ ಮಾತ್ರ ಸ್ವಲ್ಪ ಹೊತ್ತು ಹೇಳುವಂಥದ್ದು. ಅಳಿವೆ ಬದಿಯ ಊರುಗಳಲ್ಲಿ ಹೊಳೆಯಿಂದ ತೆಗೆದ ಚಿಪ್ಪನ್ನು ಇದ್ದಲಿನ ಜತೆ ಗೂಡಿಗೆ ತುಂಬಿ ಸುಡುತ್ತಿದ್ದರು. ಕಾವು ಒಂಬೈನೂರು ಡಿಗ್ರಿಯ ಹತ್ತಿರ ಏರಿದರೆ ಚಿಪ್ಪಿನೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ತಮಾಷೆಯೆಂದರೆ ಚಿಪ್ಪು ಚಿಪ್ಪಿನ ಆಕಾರದಲ್ಲೇ ಉಳಿದಿರುತ್ತದೆ, ಏನೂ ಆಗಿಲ್ಲ ಎಂಬಂತೆ. ನೀರು ಚಿಮುಕಿಸಿದಾಗಲೇ ಸೊಂಯ್ ಎಂದು ಹೊಗೆಯಾಡಿ, ಬಿಸಿ ಉಗುಳಿ, ಅರಳಿ ಪುಡಿಯಾಗುವುದು. ಆ ಪುಡಿಯ ಒಂದು ಪಾಲು ವೀಳ್ಯದೆಲೆಯ ಬೆನ್ನಿಗೆ, ಉಳಿದದ್ದು ಗೋಡೆಗೆ. ಗೋಡೆಗೆ ಹೋದ ಸುಣ್ಣ ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ಗಾಳಿಯಿಂದ ಅದೇ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಚಿಪ್ಪು ಯಾವುದರಿಂದ ಆಗಿತ್ತೋ ಅದೇ. ನಮ್ಮ ಅಜ್ಜಂದಿರು ಮನೆಯೊಳಗೆ ಚಿಪ್ಪಿನ ಶೋಕೇಸ್ ಇಟ್ಟುಕೊಳ್ಳಲಿಲ್ಲ, ಮನೆಯನ್ನೇ ಚಿಪ್ಪಿನೊಳಗೆ ಇಟ್ಟುಬಿಟ್ಟಿದ್ದರು.

ಅಂಥ ಮನೆ ಕೆಡವುವಾಗ ಹಳೆ ಸಾಮಾನಿನ ವ್ಯಾಪಾರಿ ಜೆಸಿಬಿಗಿಂತ ಮೊದಲೇ ಬಂದಿರುತ್ತಾನೆ. ಕೆತ್ತನೆಯ ಕಂಬ, ಬಾಗಿಲ ದಾರಂದ, ಹಿತ್ತಾಳೆಯ ಬೀಗ, ಉಪ್ಪಿನಕಾಯಿಯ ಭರಣಿ ಲಾರಿ ಹತ್ತುತ್ತವೆ. ಗೋಡೆ ಹೊಂಡ ತುಂಬಲು ಹೋಗುತ್ತದೆ. ಹರ್ಕೂರಿನ ಒಳಗಿನಮನೆಗೆ ಅದೃಷ್ಟವಿತ್ತು. ವಿಜಯನಾಥ ಶೆಣೈಯವರು ಅದನ್ನು ಬಿಚ್ಚಿ, ಹೊತ್ತು, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಎಲ್ಲ ಮನೆಗಳಿಗೂ ಒಬ್ಬೊಬ್ಬ ಶೆಣೈ ಸಿಗುವುದಿಲ್ಲ.

ಚಿಪ್ಪುಗಳಲ್ಲಿ ನಮ್ಮವರು ಜೋಪಾನ ಮಾಡಿದ್ದು ಒಂದನ್ನೇ, ಕವಡೆಯನ್ನು. ಅದೂ ಚಂದಕ್ಕಲ್ಲ, ಭಯಕ್ಕೆ ಮತ್ತು ಆಟಕ್ಕೆ. ಮನೆಗೆ ತೊಂದರೆ ಬಂದರೆ ಅಷ್ಟಮಂಗಲ ಪ್ರಶ್ನೆ ಇಡಿಸಬೇಕು, ಜೋಯಿಸರು ನೂರೆಂಟು ಕವಡೆ ಮುಂದಿಟ್ಟುಕೊಂಡು ರಾಶಿಯಿಂದ ಹಿಡಿ ಹಿಡಿ ಬೇರ್ಪಡಿಸುತ್ತಾರೆ. ಯಾವ ಕಾಲದ ಯಾವ ನಾಗನಿಗೆ ಏನು ಬಾಕಿ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಬ್ಯಾಂಕಿನ ಬಾಕಿ ಮರೆತವರೂ ಆ ಬಾಕಿಯನ್ನು ಮರೆಯುವುದಿಲ್ಲ.

ಕವಡೆಗೆ ಹೀಗೆ ಲೆಕ್ಕ ಹಾಕುವ ಅಭ್ಯಾಸ ಹಳೆಯದು. ಒಂದು ಕಾಲಕ್ಕೆ ಹಿಂದೂ ಮಹಾಸಾಗರದ ಸುತ್ತಲಿನ ಚಿಲ್ಲರೆ ದುಡ್ಡು ಅದೇ, ಟಂಕಸಾಲೆ ಮಾಲ್ಡೀವ್ಸಿನ ಕಡಲು. 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ನಮ್ಮ ಬಸ್ರೂರನ್ನು 'ಅಬೂ ಸರೂರ್' ಎಂದೂ ಬಾರ್ಕೂರನ್ನು 'ಫಾಕನೂರ್' ಎಂದೂ ಬರೆದಿಟ್ಟಿದ್ದಾನೆ. ಬಸ್ರೂರಿನಲ್ಲಿ ಅವನಿಗೆ ಕಂಡದ್ದು ತೆಂಗಿನ ಮರಗಳು. ಇವತ್ತು ಹೋದರೂ ಬೇರೇನೂ ಬರೆಯುತ್ತಿರಲಿಲ್ಲವೇನೋ. ಮುಂದೆ ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಖಾಜಿಯಾದ ಮೇಲೆ ಕವಡೆಯ ದರವನ್ನು ಗುರುತು ಮಾಡಿಕೊಂಡ: ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ, ಬೆಲೆ ಬಿದ್ದಾಗ ಹನ್ನೆರಡು ಲಕ್ಷ. ಚಿಲ್ಲರೆ ಕೊಡಿ ಎಂದರೆ ಹಡಗು ಕಳಿಸಬೇಕಾಗುತ್ತಿತ್ತು.

ಹಳೆ ಸಾಮಾನು ಮತ್ತು ಚಿಪ್ಪು ಎರಡನ್ನೂ ಸೇರಿಸಿ ನಿಜವಾಗಿ ದುಡ್ಡು ಮಾಡಿದವನು ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್. 1833ರ ಸುಮಾರಿಗೆ ಅವನದು ಹಳೆಯ ಅಪರೂಪದ ವಸ್ತುಗಳ ಅಂಗಡಿ. ಇಂಗ್ಲೆಂಡಿನ ಜನ ಕಡಲತಡಿಗೆ ರಜೆ ಕಳೆಯಲು ಹೋಗಿ ಚಿಪ್ಪು ಅಂಟಿಸಿದ ಪೆಟ್ಟಿಗೆ ತರುವುದನ್ನು ಕಂಡು, ಪೂರ್ವ ದೇಶಗಳಿಂದ ಚಿಪ್ಪು ತರಿಸಿ ಮಾರಿದ. ನಮ್ಮ ಶೋಕೇಸಿನ ನವಿಲಿಗೆ ಅವೆಲ್ಲ ಹಿರಿಯ ನೆಂಟರು. ಮಕ್ಕಳು ವ್ಯಾಪಾರವನ್ನು ಸೀಮೆಎಣ್ಣೆಗೆ ತಿರುಗಿಸಿದರು, 1897ರಲ್ಲಿ ಕಂಪನಿ ಕಟ್ಟುವಾಗ ಅಪ್ಪನ ಸರಕಿನ ಹೆಸರನ್ನೇ ಇಟ್ಟರು: ಶೆಲ್. ಮೊದಲು ಕಪ್ಪೆಚಿಪ್ಪಿನ ಗುರುತು, 1904ರಿಂದ ಬೀಸಣಿಗೆಯಾಕಾರದ ಚಿಪ್ಪು. ಲ್ಯಾಂಪಿನ ಫೋಟೋ ಕಳಿಸಿದ ನಮ್ಮ ಹುಡುಗ ಬೈಕಿಗೆ ಪೆಟ್ರೋಲ್ ತುಂಬಿಸುವುದೂ ಅದೇ ಗುರುತಿನಡಿ ನಿಂತು. ದೊಡ್ಡಮ್ಮನಿಗೆ ಇದನ್ನು ವಿವರಿಸಿದಾಗ, "ಹಂಗಾರೆ ನಾವ್ ಸುಟ್ಟದ್ದೆಲ್ಲ ಎಣ್ಣಿ ಆಯ್ಕಿತ್ತಾ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ಚಿಪ್ಪಿನ ಪುರಾತನ ವಸ್ತುಗಳಲ್ಲಿ ಇನ್ನೊಂದಿದೆ, ಕೇಳಲು ಬಹಳ ಚೆಂದ. ಎಂಟು ಮೂಲೆಯ ಮರದ ಪೆಟ್ಟಿಗೆಯೊಳಗೆ ಸಣ್ಣ ಚಿಪ್ಪುಗಳಿಂದ ಹೂ, ಹೃದಯ, ಪ್ರೀತಿಯ ಒಂದೆರಡು ಮಾತು. ಹತ್ತೊಂಬತ್ತನೆಯ ಶತಮಾನದ ನಾವಿಕರು ದೂರದ ಹಡಗಿನಲ್ಲಿ ಕೂತು, ಊರಿನಲ್ಲಿರುವವಳನ್ನು ನೆನೆಯುತ್ತ ತಿಂಗಳುಗಟ್ಟಲೆ ಮಾಡಿದ್ದು ಎಂದು ಜನ ನಂಬಿದ್ದರು. ಆಮೇಲೆ ನೋಡಿದರೆ ಹೆಚ್ಚಿನವು ಕೆರೀಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಮಾಡಿ ಅಂಗಡಿಯಲ್ಲಿ ಮಾರುತ್ತಿದ್ದ ಮಾಲು. ಇದಕ್ಕೆ ಸಂಶೋಧನೆ ಯಾಕೆ ಬೇಕಿತ್ತೋ ತಿಳಿಯದು. ಗಂಗೊಳ್ಳಿಯ ಬಂದರಿನಲ್ಲಿ ಬೋಟಿನಿಂದ ಇಳಿಯುವ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು: ಬಲೆ ಎಳೆದು, ಮೀನು ಆರಿಸಿ, ಮಂಜುಗಡ್ಡೆ ತುಂಬಿದ ಮೇಲೆ ಚಿಪ್ಪಿನಲ್ಲಿ ಹೂ ಮಾಡುವಷ್ಟು ಪುರುಸೊತ್ತು ಯಾವ ಕಡಲಿನಲ್ಲಿದೆ? ಆದರೂ ಬಲೆಯಲ್ಲಿ ಸಿಕ್ಕ ಚಂದದ ಶಂಖವೊಂದನ್ನು ಅಂಗಿಯ ಕಿಸೆಗೆ ಹಾಕಿ ಮಗಳಿಗೆಂದು ತರುವವರಿದ್ದಾರೆ. ಅದಕ್ಕೆ ಪ್ರೀತಿಯ ಮಾತು ಬರೆದಿರುವುದಿಲ್ಲ, ವಾಸನೆ ಮಾತ್ರ ಇರುತ್ತದೆ. ಒಳಗಿದ್ದವನು ಸತ್ತ ಮೂರನೆಯ ದಿನ ಇಡೀ ಮನೆಗೆ ಗೊತ್ತಾಗುತ್ತದೆ. ಒಳಗೆ ಸನ್ಯಾಸಿ ಏಡಿ ಬಾಡಿಗೆಗಿದ್ದರೆ ಶೋಕೇಸಿನ ಶಂಖ ರಾತ್ರಿ ನಡೆಯುವುದೂ ಉಂಟು.

ಶಂಖದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ಬಳಗದವರೊಬ್ಬರು ದೂರದ ಕ್ಷೇತ್ರವೊಂದರ ಅಂಗಡಿಯಲ್ಲಿ ದಕ್ಷಿಣಾವರ್ತಿ ಶಂಖ ಕೊಂಡು ತಂದರು. ಕೊಂಡ ಬೆಲೆಯನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ನಿಜವಾದ ಬಲಮುರಿ ಬಹಳ ಅಪರೂಪ, ಹಾಗಾಗಿಯೇ ಅಟ್ಲಾಂಟಿಕ್ ಬದಿಯ ಅಮೆರಿಕದಲ್ಲಿ ಸಹಜವಾಗಿಯೇ ಆ ದಿಕ್ಕಿಗೆ ತಿರುಚಿಕೊಂಡು ಬೆಳೆಯುವ ಬೇರೆ ಜಾತಿಯ ಶಂಖವನ್ನು ಅದರ ಹೆಸರಿನಲ್ಲಿ ಮಾರುತ್ತಾರೆ. ಬಾಯಿಯೊಳಗೆ ಇಣುಕಿದರೆ ಗುಟ್ಟು ರಟ್ಟು: ನಮ್ಮ ಶಂಖದ ನಡುಗಂಬದಲ್ಲಿ ಮೂರು ನಾಲ್ಕು ಎದ್ದ ಗೀರುಗಳಿರುತ್ತವೆ, ಅಮೆರಿಕದ್ದರಲ್ಲಿ ನುಣ್ಣಗೆ. ಪೂಜೆಗೆ ಹೋದಾಗ ನಾನೂ ಇಣುಕಿದೆ. ನುಣ್ಣಗಿತ್ತು. ಅರಿಶಿನ ಕುಂಕುಮ ಹಚ್ಚಿಕೊಂಡು, ಹಾಲಿನಲ್ಲಿ ಮಿಂದು, ಬೆಳ್ಳಿಯ ಪೀಠದಲ್ಲಿ ಕೂತಿತ್ತು, ವೀಸಾ ಇಲ್ಲದೆ ಬಂದ ಅಮೆರಿಕದ ಅತಿಥಿ. ಅತಿಥಿ ದೇವೋ ಭವ ಎಂದು ಕೈಮುಗಿದು ಪಾಯಸ ಉಂಡು ಬಂದೆ.

ಸಂಗ್ರಹದ ಹುಚ್ಚಿದ್ದವರಿಗೆ ಎರಡು ಸಂಗತಿ ಗೊತ್ತಿದ್ದರೆ ಒಳ್ಳೆಯದು. ಒಂದು, 2001ರಲ್ಲಿ ಹಲವು ಜಾತಿಯ ಕಡಲ ಚಿಪ್ಪುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿದವು. ನಾಟಿಲಸ್, ದೊಡ್ಡ ಟ್ರೈಟನ್ ಶಂಖ ಮುಂತಾದವಕ್ಕೆ ಹುಲಿಗಿರುವಷ್ಟೇ ಕಾವಲು. ತಾತನ ಶೋಕೇಸಿನಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಮೇಲು. ಎರಡನೆಯದು, ಮರದ ಕಪಾಟಿನಲ್ಲಿ ಮುಚ್ಚಿಟ್ಟ ಚಿಪ್ಪಿಗೆ ಬಿಳಿ ಪುಡಿಯಂಥ ರೋಗ ಬರುತ್ತದೆ. ಲಾಫ್ಟಸ್ ಬೈನ್ ಎಂಬವನು 1899ರಲ್ಲಿ ಇದನ್ನು ಬ್ಯಾಕ್ಟೀರಿಯಾದ ಕೆಲಸವೆಂದುಕೊಂಡ. ಮರದಿಂದಲೇ ಹೊರಡುವ ಆಮ್ಲದ ಆವಿ, ಗಾಳಿಯ ತೇವದೊಡನೆ ಸೇರಿ, ಚಿಪ್ಪನ್ನು ತಿನ್ನುತ್ತದೆ ಎಂಬುದು ನಂತರ ತಿಳಿಯಿತು. ಜೂನ್ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ತೇವಕ್ಕೆ ಬರವಿಲ್ಲ. ಅಂತೂ ಕಡಲಿನಲ್ಲಿ ಉರುಳಾಡಿ ಸವೆಯದ ಚಿಪ್ಪು ತೇಗದ ಕಪಾಟಿನ ಮರ್ಯಾದೆಗೆ ಸವೆದುಹೋಗುತ್ತದೆ.

ಹೆಕ್ಕುವವರಿಗೂ ಈಗ ದಡ ಮೊದಲಿನಂತಿಲ್ಲ. ಕೈರಂಪಣಿ ಎಳೆಯುವಾಗ ಮರವಂತೆಯ ಮರಳಿನಲ್ಲಿ ಮಕ್ಕಳು ಬಲೆಯ ಹಿಂದೆ ಓಡಿ ಚಿಪ್ಪು ಆರಿಸುತ್ತಿದ್ದರು. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಮೇಲೆ ಈಗ ಸೆಲ್ಫಿಯವರು ಕೂತಿರುತ್ತಾರೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಬಂಡೆಯ ಸಂದಿಯಲ್ಲಿ ಸಿಗುವುದು ಕುರ್‌ಕುರೆಯ ಪೊಟ್ಟಣ. ಅದೂ ಒಂದು ದಿನ ಆಂಟಿಕ್ ಆದೀತು, ಬಾಳಿಕೆಯಲ್ಲಿ ಚಿಪ್ಪಿಗೇನೂ ಕಡಿಮೆಯಿಲ್ಲ.

ಮೊನ್ನೆ ಆಸಾಡಿಯ ಜಡಿಮಳೆಗೆ ಕರೆಂಟು ಹೋದಾಗ ದೊಡ್ಡಮ್ಮ ಅಟ್ಟದ ಪೆಟ್ಟಿಗೆಯಿಂದ ಚೆನ್ನೆಮಣೆ ಇಳಿಸಿದರು. ಅದರ ಗುಳಿಗಳಲ್ಲಿ ಮಂಜಟ್ಟಿ ಕಾಯಿಯ ಜತೆ ಚೌಕಾಬಾರದ ಕವಡೆಗಳೂ ಇದ್ದವು, ಅವರ ಅತ್ತೆಯ ಕಾಲದವು, ಕೈಯುಜ್ಜಿ ಉಜ್ಜಿ ಹಲ್ಲೆಲ್ಲ ಸವೆದವು. ಆಂಟಿಕ್ ಅಂಗಡಿಯವನು ಬೆಲೆ ಕಟ್ಟುವುದಾದರೆ ಇದಕ್ಕೆ ಕಟ್ಟಬೇಕು, ಕಟ್ಟಿದರೂ ದೊಡ್ಡಮ್ಮ ಕೊಡುವುದಿಲ್ಲ. ತೊಂದರೆ ಒಂದೇ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ನಮ್ಮಲ್ಲಿ ಇರುವುದು ಮೂರು. ಹುಣಸೆಬೀಜ ಇಟ್ಟು ಆಡೋಣವೆಂದರೆ ದೊಡ್ಡಮ್ಮ ಒಪ್ಪುವುದಿಲ್ಲ. ಪೇಟೆಯಿಂದ ಹೊಸದು ತರುತ್ತೇನೆಂದರೂ ಬೇಡವಂತೆ, ಆಡಿ ಸವೆದದ್ದೇ ಆಗಬೇಕಂತೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯ ಅಟ್ಟದಲ್ಲಾದರೂ ಒಂಟಿ ಕವಡೆ ಬಿದ್ದಿದ್ದರೆ ದಯವಿಟ್ಟು ತನ್ನಿ. ಆಡಲು ಜನವೂ ಕಡಿಮೆ, ನೀವೂ ಕೂತುಕೊಳ್ಳಿ.