ಒಂಬತ್ತು ಜನರ ಕಾರ್ಖಾನೆ

ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ, ಜಾತಕಗಳ ಕೆಳಗೆ, ತಂದೆಯವರ ಹಳೆಯ ಈ.ಎಸ್.ಐ. ಕಾರ್ಡೊಂದು ಇದೆ. ಅದು ಕೆಲಸಕ್ಕೆ ಬಾರದಂತಾಗಿ ನಾಲ್ವತ್ತು ವರ್ಷ ಮೀರಿತು. ಆದರೂ ಅದನ್ನು ಎಸೆಯಲು ಅವರು ಬಿಡುವುದಿಲ್ಲ. ದೀಪಾವಳಿಗೆ ಟ್ರಂಕು ಒರೆಸುವಾಗಲೆಲ್ಲ ಒಮ್ಮೆ ಎತ್ತಿ ನೋಡಿ, ಮತ್ತೆ ಅಲ್ಲಿಯೇ ಇಡುತ್ತಾರೆ.

ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಅವರು ಸೇರಿದ್ದು ಒಂದು ಬಟ್ಟೆಯ ಗಿರಣಿಯ ನೂಲುವ ಖಾತೆಗೆ. ಗಿರಣಿಯ ಕೆಲಸವೆಂದರೆ ಆ ಕಾರ್ಡೂ ಜೊತೆಗೆ ಬಂದಂತೆ. 1948ರಲ್ಲಿ ಕಾನೂನಾಗಿ, 1952ರಲ್ಲಿ ಕಾನಪುರ, ದಿಲ್ಲಿಗಳಲ್ಲಿ ಆರಂಭವಾದ ಯೋಜನೆ ಅದು. ಮಾಲಿಕರೂ ಕೆಲಸಗಾರರೂ ವಂತಿಗೆ ಕಟ್ಟಬೇಕು. ಕಾಯಿಲೆ ಬಿದ್ದರೆ ಔಷಧ, ಮಲಗಿದ ದಿನಗಳಿಗೆ ಕೂಲಿಯ ಒಂದು ಭಾಗ. ಮೊದಲಿಗೆ ಇಪ್ಪತ್ತು ಜನಕ್ಕೆ ಕಡಿಮೆಯಿಲ್ಲದ, ಯಂತ್ರಶಕ್ತಿಯ ಕಾರ್ಖಾನೆಗಳಿಗಷ್ಟೇ ಅದು ಸಲ್ಲುತ್ತಿತ್ತು. ಕೈಗಾರಿಕೆ ಬೆಳೆದಂತೆ ಉಳಿದವರೂ ಒಂದು ದಿನ ಆ ಬಾಗಿಲೊಳಗೆ ಬಂದಾರೆಂಬ ನಂಬಿಕೆ ಆಗಿನದು. 1956ರ ಎರಡನೆಯ ಪಂಚವಾರ್ಷಿಕ ಯೋಜನೆ ಭಾರಿ ಕೈಗಾರಿಕೆಗೆ ಒತ್ತು ಕೊಟ್ಟಿತು. ಭಿಲಾಯಿಯಂಥ ಉಕ್ಕಿನ ಊರಿಗೆ ತನ್ನದೇ ಆಸ್ಪತ್ರೆ ಬಂತು. ಆದರೆ ಉಕ್ಕಿಗೆ ಹಣ ಬೇಕಾದಷ್ಟು ಆಳು ಬೇಡ. ಕೋಟ್ಯಂತರ ಜನ ಹೊಲ, ಹೋಟೆಲು, ಸಣ್ಣ ಕಾರ್ಖಾನೆಗಳಲ್ಲಿಯೇ ಉಳಿದರು.

1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಂದರು. ತಂದೆಯವರಿಗೆ ಮತ್ತೆ ಒಳಗೆ ಹೋಗುವ ಯೋಗ ಬರಲಿಲ್ಲ. ಸಂಬಳ ನಿಂತಿತು, ವಂತಿಗೆ ನಿಂತಿತು, ಕಾರ್ಡು ಬರಿಯ ಕಾಗದವಾಯಿತು. ಅವರು ಎಂಟು ಜನರ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತರು.

1998ರಲ್ಲಿ ಅವರಿಗೆ ಕಾಮಾಲೆಯಾಯಿತು. ನಾವಾಗ ಚಿಕ್ಕವರು. ನಗರಪಾಲಿಕೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಎಲ್ಲಿ ಕೆಲಸವೆಂದು ಯಾರೂ ಕೇಳಲಿಲ್ಲ. ಹಾಸಿಗೆ ಕೊಟ್ಟು ಗುಣಪಡಿಸಿದರು. ಆದರೆ ಎರಡು ತಿಂಗಳ ಸಂಬಳ ಕೊಡುವವರು ಯಾರು? ತಾಯಿಯವರ ಬಳೆಗಳು ಅಕ್ಕಿಗೂ ಬಾಡಿಗೆಗೂ ಹೋದವು.

ಈಗ ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಸಿ.ಜಿ.ಎಚ್.ಎಸ್. ಕಾರ್ಡಿದೆ. ತಂದೆತಾಯಿಯರ ಹೆಸರೂ ಅದರಲ್ಲಿದೆ. ಇಲ್ಲದ್ದು ತಮ್ಮನ ಹೆಸರು. ಅವನು ವಸಯಿಯಲ್ಲಿ ಲೇತ್ ಯಂತ್ರದ ಕೆಲಸಗಾರ. ಈ.ಎಸ್.ಐ.ಗೆ ಈಗ ಹತ್ತು ಜನರಿದ್ದರೆ ಸಾಕು, ಅಲ್ಲಿರುವವರು ಒಂಬತ್ತು. ಹತ್ತನೆಯವನ ಮಾತೆತ್ತಿದರೆ ಮಾಲಿಕರು, “ಕಾಗದಪತ್ರದ ರಗಳೆ ಬೇಡಪ್ಪ” ಎನ್ನುತ್ತಾರೆ.

“ಒಬ್ಬ ಕಡಿಮೆಯಿದ್ದರೆ ಜ್ವರ ಬರುವುದಿಲ್ಲವೇನೋ?” ಎಂದು ತಾಯಿಯವರು ಕೇಳಿದರು. ಕಚೇರಿಯಲ್ಲಿ ದಿನವೂ ನಿಯಮಗಳನ್ನು ಉದ್ಧರಿಸಿ ಟಿಪ್ಪಣಿ ಬರೆಯುವ ನಮಗೆ ಉತ್ತರ ಹೊಳೆಯಲಿಲ್ಲ.

2018ರಲ್ಲಿ ಬಂದ ಆಯುಷ್ಮಾನ್ ಭಾರತ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ. ಅದು ಕೆಲಸದ ಬಾಗಿಲಿಗೆ ಕಟ್ಟುಬಿದ್ದಿಲ್ಲವೆಂಬುದು ಒಳ್ಳೆಯದೇ. ಆದರೆ ಹೋದ ಕೂಲಿಯನ್ನು ಅದು ತುಂಬಿಕೊಡದು.

2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ದಾರಿಯಿದೆ. ಮಾಲಿಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯೂ ಈ.ಎಸ್.ಐ. ಸೇರಬಹುದು. ನಮ್ಮವರ ಸಣ್ಣ ಹೋಟೆಲು, ಅಂಗಡಿಗಳೂ ಇದನ್ನು ಗಮನಿಸಬೇಕು.

ಬರುವ ಭಾನುವಾರ ತಮ್ಮನೊಡನೆ ನಾವೇ ವಸಯಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಕಾಗದಪತ್ರದ ರಗಳೆಯೇ ಅಡ್ಡಿಯಾದರೆ, ಅದನ್ನು ಮಾಡಿಕೊಡಲು ಮನೆಯಲ್ಲಿ ಒಬ್ಬ ಗುಮಾಸ್ತನಿದ್ದಾನಲ್ಲ! ತಂದೆಯವರು ಹಳೆಯ ಕಾರ್ಡನ್ನು ತೆಗೆದಿಟ್ಟಿದ್ದಾರೆ. “ಮಾಲಿಕರಿಗೆ ತೋರಿಸು” ಎಂದಿದ್ದಾರೆ.