ಕಡಿಮೆ ರೇಟಿನ ಚೀನಾ ಲೆನ್ಸ್

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಸುದ್ದಿ ಬರೆಯುವ ನಮಗೆ ಫೋಟೊಕ್ಕೆ ಸಿಗುವ ದುಡ್ಡು ಪೆಟ್ರೋಲಿಗೇ ಸಾಲುವುದಿಲ್ಲ. ಮದುವೆ ಆರ್ಡರ್‌ಗಳೇ ಕೈ ಹಿಡಿಯುವುದು. ಹಾಗಾಗಿ ಕಡಿಮೆ ಬೆಲೆಯ ಲೆನ್ಸ್, ಫ್ಲ್ಯಾಶ್ ಅಂದರೆ ಕಣ್ಣು ಚೀನಾದ ಕಡೆಗೇ ಹೋಗುತ್ತದೆ.

2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲಿಎಕ್ಸ್‌ಪ್ರೆಸ್ ಸೇರಿ 43 ಆ್ಯಪ್‌ಗಳನ್ನು ನಿಷೇಧಿಸಿತು. ಆದರೂ ‘ಇಂಪೋರ್ಟೆಡ್ ಪೀಸ್, ಬಿಲ್ ಬೇಡ’ ಎನ್ನುವವರು ವಾಟ್ಸ್ಆ್ಯಪ್‌ನಲ್ಲಿ ಇದ್ದೇ ಇದ್ದಾರೆ.

ನಮ್ಮ ಗೆಳೆಯರೊಬ್ಬರು ಹೊರಗಿನಿಂದ ಲೆನ್ಸ್ ತರಿಸಿದರು. ಕಸ್ಟಮ್ಸ್ ಸುಂಕ ಕಟ್ಟಿದ ಮೇಲೆ ಉಳಿತಾಯ ಸೊನ್ನೆ. ಮೊದಲ ಮಳೆಗಾಲದಲ್ಲೇ ಫೋಕಸ್ ಕೈಕೊಟ್ಟಿತು. ಹುಬ್ಬಳ್ಳಿಯ ರಿಪೇರಿಯವರು, ‘ಇದಕ್ಕ ಪಾರ್ಟ್ ಸಿಗೂದಿಲ್ರಿ’ ಎಂದು ಕೈ ಮುಗಿದರು. ಆ ಸೀಸನ್ನಿನ ಮೂರು ಮದುವೆ ಕೈತಪ್ಪಿದವು.

ಡ್ರೋನ್ ತರಿಸುವ ಆಸೆಯಂತೂ ಬೇಡ. 2022ರ ಫೆಬ್ರುವರಿಯಿಂದ ತಯಾರಾದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವಿದೆ. ರಕ್ಷಣೆ, ಸಂಶೋಧನೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಹಾರಿಸಿದರೆ ಕೇಸು ಬೇರೆ.

ಚೀನಾ ಮಾಲೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಶೆಂಝೆನ್‌ನ ಗೊಡಾಕ್ಸ್ ಫ್ಲ್ಯಾಶ್ ಇಲ್ಲಿಯ ಅಂಗಡಿಯಲ್ಲೇ ಬಿಲ್ ಸಮೇತ ಸಿಗುತ್ತದೆ. ಜಿಎಸ್‌ಟಿ ಬಿಲ್, ಅದರಲ್ಲಿ ಸೀರಿಯಲ್ ನಂಬರ್, ಭಾರತದ ವಾರಂಟಿ: ಮೂರನ್ನೂ ಕೇಳಿ ಪಡೆಯಿರಿ. ಮನೆಗೆ ತಂದಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನಮ್ಮ ಮಳೆಗೆ ಲೆನ್ಸಿನೊಳಗೆ ಫಂಗಸ್ ಬೆಳೆಯಲು ಒಂದು ಆಷಾಢ ಸಾಕು.